ಮನೆಕಾರು ರೇಸಿಗಿಳಿದಾಗ ಎಂಜಿನ್‌ಗೆ ಎಂಥ ಆಯಿಲ್ ಬೇಕು?

ಮಡಿವಾಳದ ಮೂಲಕ ಹಾದುಹೋಗುವ ಹೊಸೂರು ರಸ್ತೆಯು ತಮಿಳುನಾಡು, ಕೇರಳಗಳ ರಾತ್ರಿ ಬಸ್ಸುಗಳಿಗೆ ಮಾತ್ರವಲ್ಲ, ಬೆಂಗಳೂರಿನ ಹವ್ಯಾಸಿ ರೇಸ್ ಚಾಲಕರಿಗೂ ಹೆಬ್ಬಾಗಿಲು. ಈ ಹಾದಿ ಹಿಡಿದು ಕೃಷ್ಣಗಿರಿ, ವೆಲ್ಲೂರು ದಾಟಿದರೆ ಸುಮಾರು 300 ಕಿ.ಮೀ. ದೂರದಲ್ಲಿ, ಶ್ರೀಪೆರಂಬದೂರಿನ ಸಮೀಪ, ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್ ಇದೆ. ಕೃಷ್ಣಗಿರಿಯಿಂದ ಸೇಲಂ ಕಡೆಗೆ ತಿರುಗಿದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ವೃತ್ತಿಪರ ತಂಡಗಳ ಕಾರುಗಳು ಲಾರಿಯೇರಿ ಹೋಗುತ್ತವೆ. ಹವ್ಯಾಸಿಯ ಭಾಗ್ಯ ಹಾಗಲ್ಲ. ವಾರವಿಡೀ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ, ಮಕ್ಕಳನ್ನು ಶಾಲೆಗೆ ಬಿಡುವ ಕಾರೇ ಶನಿವಾರ ಟ್ರ್ಯಾಕಿಗಿಳಿದು ಭಾನುವಾರ ರಾತ್ರಿ ತನ್ನ ಚಕ್ರಗಳ ಮೇಲೆಯೇ ಮನೆಗೆ ಮರಳಬೇಕು.

ಮರಳದಿದ್ದರೆ ನಷ್ಟ ಮನೆಯವರದ್ದೇ. ಸಂಘಟಿತ ರೇಸ್ ಹಾಗೂ ವೇಗಪರೀಕ್ಷೆಗಳನ್ನು ಸಾಮಾನ್ಯ ವಾಹನ ವಿಮೆ ಹೊರಗಿಡುತ್ತದೆ, ತಯಾರಕರ ವಾರಂಟಿಯೂ ಸಾಮಾನ್ಯವಾಗಿ ಅನ್ವಯಿಸದು. ಬೇರಿಂಗ್ ಸುಟ್ಟು ಎಂಜಿನ್ ಸೀಜ್ ಆದರೆ ಮೂರು-ನಾಲ್ಕು ಲೀಟರ್ ಆಯಿಲ್‌ನಲ್ಲಿ ಉಳಿಸಿದ ಹಣ ಲೆಕ್ಕಕ್ಕೇ ಬಾರದು. ಆದ್ದರಿಂದಲೇ ಹೊಸಬರು ಮೊದಲು ಕೇಳುವ ಪ್ರಶ್ನೆ, 'ಇನ್ನೂ ದಪ್ಪನೆಯ ಆಯಿಲ್ ಹಾಕಿಸಲೇ?' ಎಂಬುದು. ಈ ಪ್ರಶ್ನೆಗೆ ಗ್ಯಾರೇಜಿನ ಅಭಿಪ್ರಾಯಕ್ಕಿಂತ ಥರ್ಮಾಮೀಟರ್ ಹೆಚ್ಚು ನಂಬಿಕಸ್ಥ ಉತ್ತರ ಕೊಡುತ್ತದೆ.

ಡಬ್ಬಿಯ ಮೇಲಿನ 5ಡಬ್ಲ್ಯೂ-30, 20ಡಬ್ಲ್ಯೂ-40 ಮುಂತಾದ ಅಂಕಿಗಳು ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ-300 ಮಾನದಂಡಕ್ಕೆ ಸೇರಿದವು. 'ಡಬ್ಲ್ಯೂ' ಎಂದರೆ ವಿಂಟರ್, ಅಂದರೆ ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಎಂಜಿನ್ ಎಷ್ಟು ಸಲೀಸಾಗಿ ತಿರುಗುತ್ತದೆ ಎಂಬುದನ್ನು ಸೂಚಿಸುತ್ತದೆ. 20ಡಬ್ಲ್ಯೂ ತೈಲದ ಈ ಪರೀಕ್ಷೆ ನಡೆಯುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಮುಂಜಾನೆ ಸ್ಟಾರ್ಟ್ ಮಾಡಿದ ಕೂಡಲೇ ತೆಳು ತೈಲ ಬೇಗ ಮೇಲೇರುತ್ತದೆ ಎಂಬ ಲಾಭವನ್ನು ಬಿಟ್ಟರೆ, ನಮ್ಮ ರೇಸಿಗನು ಮೊದಲ ಅಂಕಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ತೂಗಿನೋಡಬೇಕಾದದ್ದು ಎರಡನೆಯ ಅಂಕಿ. ಅದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೈಲದ ಸ್ನಿಗ್ಧತೆಯನ್ನು ಹೇಳುತ್ತದೆ. 30ರ ಗ್ರೇಡಿಗೆ 9.3ರಿಂದ 12.5 ಸೆಂಟಿಸ್ಟೋಕ್, 40ಕ್ಕೆ 12.5ರಿಂದ 16.3, 50ಕ್ಕೆ 16.3ರಿಂದ 21.9. ಊರೊಳಗೆ ಓಡುವ ಕಾರಿನ ತೈಲ ಸುಮಾರು 90-100 ಡಿಗ್ರಿಯಲ್ಲಿರುತ್ತದೆ. ಟ್ರ್ಯಾಕಿನಲ್ಲಿ ಕೆಲವು ಸುತ್ತು ಬಿಡದೆ ಓಡಿಸಿದರೆ 120 ದಾಟುವುದು ಅಪರೂಪವಲ್ಲ. ಆ ಬಿಸಿಗೆ 40ರ ತೈಲವೂ ತೆಳುವಾಗಿ, 30ರ ತೈಲ 100 ಡಿಗ್ರಿಯಲ್ಲಿ ಇರುವಷ್ಟಕ್ಕೆ ಇಳಿದುಬಿಡುತ್ತದೆ. ಒಂದು ಗ್ರೇಡ್ ಮೇಲೇರುವುದಕ್ಕೆ ಇರುವ ಸಮರ್ಥನೆ ಇಷ್ಟೇ: ಹೆಚ್ಚಾದ ಬಿಸಿಯಲ್ಲಿ ಎಂಜಿನ್‌ಗೆ ಅದರ ಹಳೆಯ ಸ್ನಿಗ್ಧತೆಯನ್ನೇ ಮರಳಿ ಕೊಡುವುದು. ತೈಲ 100 ಡಿಗ್ರಿ ಮೀರದಿದ್ದರೆ ಗ್ರೇಡ್ ಏರಿಸಿ ಪ್ರಯೋಜನವಿಲ್ಲ. ದಪ್ಪ ತೈಲವನ್ನು ತಳ್ಳುವುದರಲ್ಲೇ ಎಂಜಿನ್ನಿನ ಶಕ್ತಿ ಒಂದಿಷ್ಟು ಸೋರುತ್ತದೆ. ತೈಲದ ಒತ್ತಡದಿಂದಲೇ ವಾಲ್ವ್‌ಗಳ ಸಮಯವನ್ನು ಹೊಂದಿಸುವ ಇಂದಿನ ಎಂಜಿನ್‌ಗಳಲ್ಲಿ ಆ ಹೊಂದಾಣಿಕೆಯೂ ನಿಧಾನವಾಗಬಹುದು.

ಬಹುತೇಕ ಕಾರುಗಳ ಡ್ಯಾಶ್‌ಬೋರ್ಡ್ ತೋರಿಸುವುದು ನೀರಿನ ಬಿಸಿಯನ್ನು, ತೈಲದ್ದನ್ನಲ್ಲ. ಆದಕಾರಣ ದುಬಾರಿ ಡಬ್ಬಿಗಿಂತ ಮೊದಲು ಕೊಳ್ಳಬೇಕಾದದ್ದು ತೈಲದ ಬಿಸಿ ಹಾಗೂ ಒತ್ತಡವನ್ನು ತೋರಿಸುವ ಗೇಜುಗಳನ್ನು.

ಯಾವ ಗ್ರೇಡೂ ಪರಿಹರಿಸಲಾರದ ತೊಂದರೆಯೊಂದಿದೆ. ಎಂಜಿನ್ನಿನ ತಳದ ತೈಲ ತೊಟ್ಟಿಗೂ ನಮ್ಮ ಮನೆಗಳ ನೀರಿನ ತೊಟ್ಟಿಯಂತೆ ಸಂಪ್ ಎಂದೇ ಹೆಸರು. ತಿರುವಿನಲ್ಲಿ ಪಕ್ಕಕ್ಕೆಳೆಯುವ ಬಲ ಭೂಮಿಯ ಗುರುತ್ವಕ್ಕೆ ಸಮವಾದಾಗ ಸಂಪಿನ ತೈಲದ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಪಂಪಿನ ಕೊಳವೆಯ ಬಾಯಿ ಬರಿದಾದರೆ ಅದು ಹೀರುವುದು ಗಾಳಿಯನ್ನು. ಬೇರಿಂಗ್ ಹಾಳಾಗಲು ಕೆಲವೇ ಕ್ಷಣ ಸಾಕು. ಡಿಪ್‌ಸ್ಟಿಕ್‌ನ ಮೇಲಿನ ಗುರುತಿನವರೆಗೆ ತೈಲವಿರಲಿ, ಪ್ರತಿ ಓಟದ ನಡುವೆ ನೋಡುತ್ತಿರಲಿ. ಸಂಪಿನೊಳಗೆ ಅಡ್ಡತಗಡು ಹಾಕಿಸುವುದು ಖರ್ಚಿಗೆ ತಕ್ಕ ಕೆಲಸ.

ಬೆಂಗಳೂರಿನ ಸುತ್ತಮುತ್ತ ನಡೆಯುವ ಆಟೋಕ್ರಾಸ್‌ನ ಮಾತು ಬೇರೆ. ಒಂದೆರಡು ನಿಮಿಷದ ಓಟದಲ್ಲಿ ತೈಲ ಅಷ್ಟು ಕಾಯುವುದೇ ಇಲ್ಲ. ಅಲ್ಲಿ ಶತ್ರು ಧೂಳು. ಕೈಪಿಡಿ ಹೇಳಿದ ಆಯಿಲನ್ನೇ ಇರಿಸಿಕೊಂಡು ಏರ್ ಫಿಲ್ಟರನ್ನು ಬದಲಿಸುವುದು ಜಾಣತನ.

'ಫುಲ್ಲಿ ಸಿಂಥೆಟಿಕ್' ಎಂಬ ಪದಕ್ಕೂ ಮರುಳಾಗಬೇಕಿಲ್ಲ. ಕಚ್ಚಾ ತೈಲವನ್ನೇ ತೀವ್ರವಾಗಿ ಸಂಸ್ಕರಿಸಿದ ಮೂಲತೈಲವನ್ನು ಹಾಗೆ ಕರೆಯಬಹುದೇ ಎಂದು ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಎದ್ದ ವಿವಾದದಲ್ಲಿ, 1999ರಲ್ಲಿ ಅಮೆರಿಕದ ಜಾಹೀರಾತು ಪರಿಶೀಲನಾ ಮಂಡಳಿಯ ತೀರ್ಮಾನ ಕ್ಯಾಸ್ಟ್ರಾಲ್ ಪರವಾಯಿತು. ಅಂದಿನಿಂದ ಈ ಪದವೊಂದರಿಂದಲೇ ಒಳಗಿನ ಮಾಲು ತಿಳಿಯದು. ಆದರೂ ಟ್ರ್ಯಾಕಿನ ಬಿಸಿಯನ್ನು ತಾಳುವಲ್ಲಿ ಒಳ್ಳೆಯ ಸಿಂಥೆಟಿಕ್ ಸಾದಾ ಖನಿಜ ತೈಲಕ್ಕಿಂತ ಮೇಲು. 'ರೇಸಿಂಗ್' ಎಂದೇ ಮಾರುವ ಕೆಲವು ತೈಲಗಳಲ್ಲಿ ಕೊಳೆ ತೊಳೆಯುವ ಅಂಶ ಕಡಿಮೆ. ಓಟ ಮುಗಿದೊಡನೆ ಬಸಿಯಲೆಂದೇ ಅವು ತಯಾರಾದವು. ಸೋಮವಾರ ಕಚೇರಿಗೆ ಹೋಗುವ ಕಾರಿಗೆ ಅವು ಸಲ್ಲವು.

ಹಳೆಯ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಓಡಿಸುವವರಿಗೊಂದು ಎಚ್ಚರಿಕೆ. ಅವುಗಳ ಕ್ಯಾಮ್‌ಶಾಫ್ಟ್ ಸವೆಯದಂತೆ ಕಾಯುವುದು ಸತು-ರಂಜಕದ ಸಂಯುಕ್ತ. ಹೊಗೆನಳಿಕೆಯ ಕ್ಯಾಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು 2004ರ ಎಪಿಐ ಎಸ್‌ಎಂ ದರ್ಜೆಯಿಂದ ತೆಳು ಗ್ರೇಡುಗಳಲ್ಲಿ ರಂಜಕದ ಮಿತಿ ಶೇ. 0.08ಕ್ಕೆ ಇಳಿದಿದೆ. ಈ ಕಾರುಗಳಿಗೆ ಹೊಸ 5ಡಬ್ಲ್ಯೂ-30ಕ್ಕಿಂತ 20ಡಬ್ಲ್ಯೂ-50ಯಂಥ ದಪ್ಪ ತೈಲವೇ ಸರಿ.

ಬದಲಾವಣೆಯ ಅವಧಿಯನ್ನು ಮಾತ್ರ ಕೈಪಿಡಿಯಲ್ಲಿ ನೋಡಬಾರದು. ತೈಲದ ಬಿಸಿ 10 ಡಿಗ್ರಿ ಏರಿದಂತೆಲ್ಲ ಅದು ಹಳಸುವ ವೇಗ ದುಪ್ಪಟ್ಟಾಗುತ್ತದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. 10,000 ಕಿ.ಮೀ. ಎಂದು ಬರೆದಿರುವುದು ಸಾಧಾರಣ ಓಡಾಟಕ್ಕೆ. ಇರುಂಗಾಟ್ಟುಕೋಟ್ಟೈನಿಂದ ಮರಳಿದ ವಾರದಲ್ಲೇ ತೈಲವನ್ನೂ ಫಿಲ್ಟರನ್ನೂ ಬದಲಿಸಿ, ಬಸಿದ ಫಿಲ್ಟರನ್ನು ಕತ್ತರಿಸಿ ನೋಡಬೇಕು. ಒಳಗೆ ಹೊಳೆಯುವ ಲೋಹದ ಚೂರು ಕಂಡರೆ ಕಾರನ್ನು ಮುಂದಿನ ರೇಸಿಗೆ ಕಳಿಸದೆ ಎಂಜಿನ್ ಬಿಚ್ಚಿಸುವುದು ಲೇಸು. ಬಸಿದ ತೈಲವು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಸುರಿಯದೆ, ಅಧಿಕೃತ ಮರುಸಂಸ್ಕರಣೆಗೆ ಕಳಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.