ಏಳಡಿ ಅಗಲದ ಮನೆಯಲ್ಲಿ ಬಟ್ಟೆ ಒಗೆತ

ಇಂಗ್ಲೆಂಡಿನ ಒಳನಾಡಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟ್ ಎಂಬ ದೋಣಿಯ ಅಗಲ ಏಳಡಿಗೂ ಒಂದೆರಡು ಅಂಗುಲ ಕಡಿಮೆ. ಉದ್ದ ಮಾತ್ರ 70 ಅಡಿಯವರೆಗೂ ಹೋಗುತ್ತದೆ. 1766ರಲ್ಲಿ ಟ್ರೆಂಟ್ ಮತ್ತು ಮರ್ಸಿ ಕಾಲುವೆಯ ಕೆಲಸ ಶುರುವಾದಾಗ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ನೀರು ಮತ್ತು ಹಣ ಎರಡನ್ನೂ ಉಳಿಸಲು ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಲಾಕ್‌ಗಳನ್ನು ಇಕ್ಕಟ್ಟಾಗಿ ಕಟ್ಟಿಸಿದ. ಅವುಗಳ ಅಳತೆಗೆ ತಕ್ಕಂತೆ ದೋಣಿಗಳು ಬಂದವು. ಇಂದು ಅಂಥ ದೋಣಿಯಲ್ಲಿ ಸಂಸಾರ ಹೂಡಿದವರು ವಾಷಿಂಗ್ ಮಷಿನ್ ಕೊಳ್ಳುವ ಮೊದಲು ಟೇಪು ಹಿಡಿದು ಬಾಗಿಲು, ಮೆಟ್ಟಿಲು, ಓಣಿಯಂಥ ನಡೆದಾರಿ ಎಲ್ಲವನ್ನೂ ಅಳೆಯಬೇಕಾಗುವುದು ಬ್ರಿಂಡ್ಲಿಯ ಆ ಲೆಕ್ಕದಿಂದಲೇ.

ದೋಣಿಯಲ್ಲಿ ಸಂಸಾರ ಮಾಡುವ ಪದ್ಧತಿಯನ್ನು ಬೆಳೆಸಿದ್ದು ರೈಲು. ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಸರಕನ್ನು ರೈಲು ಕಿತ್ತುಕೊಳ್ಳತೊಡಗಿತು, ಕಾಲುವೆಯ ಬಾಡಿಗೆ ದರ ಕುಸಿಯಿತು. ಆಳಿಗೆ ಕೂಲಿ ಕೊಟ್ಟು, ಊರಲ್ಲಿ ಮನೆ ಬಾಡಿಗೆಯನ್ನೂ ಕಟ್ಟುವುದು ದೋಣಿಯವನಿಗೆ ಆಗದ ಮಾತಾಯಿತು. ಹೆಂಡತಿ ಮಕ್ಕಳು ದೋಣಿ ಹತ್ತಿದರು. ಸಂಬಳ ಬರುತ್ತಿದ್ದದ್ದು ಗಂಡನ ಹೆಸರಿಗೆ, ಅದೂ ಸಾಗಿಸಿದ ಸರಕಿನ ಲೆಕ್ಕದಲ್ಲಿ. ಚುಕ್ಕಾಣಿ ಹಿಡಿದು, ಲಾಕಿನ ಬಾಗಿಲು ತಳ್ಳಿ, ಅಡುಗೆಯನ್ನೂ ಮಾಡುತ್ತಿದ್ದ ಹೆಂಗಸಿನ ಹೆಸರು ಯಾವ ಪಟ್ಟಿಯಲ್ಲೂ ಇರುತ್ತಿರಲಿಲ್ಲ.

ಇಡೀ ಸಂಸಾರಕ್ಕೆ ಇದ್ದದ್ದು ಹಿಂಭಾಗದ ಒಂದೇ ಕೋಣೆ, ಉದ್ದ ಹತ್ತಡಿಗೂ ಕಡಿಮೆ. ಬಾಗಿಲ ಪಕ್ಕ ಕಲ್ಲಿದ್ದಲಿನ ಒಲೆ. ಬೀರುವಿನ ಬಾಗಿಲು ಕೆಳಗಿಳಿಸಿದರೆ ಅದೇ ಊಟದ ಮೇಜು. ಇನ್ನೊಂದು ಬೀರುವಿನಿಂದ ರಾತ್ರಿ ಹಾಸಿಗೆ ಹೊರಬರುತ್ತಿತ್ತು. ಕುಡಿಯುವ ನೀರು ಗುಲಾಬಿ ಹೂಗಳ ಚಿತ್ರ ಬರೆದ ಬಕ್‌ಬಿ ಕ್ಯಾನ್‌ಗಳಲ್ಲಿ ಚಾವಣಿಯ ಮೇಲೆ ಕೂತಿರುತ್ತಿತ್ತು. ಬಟ್ಟೆ ಒಗೆಯಲು ಈ ಕೋಣೆಯಲ್ಲಿ ಜಾಗವೆಲ್ಲಿ? ದೋಣಿ ನಿಲ್ಲಬೇಕು, ದಂಡೆಗೆ ಇಳಿಯಬೇಕು.

ದೋಣಿ ನಿಲ್ಲುತ್ತಿದ್ದದ್ದು ಸರಕಿಗಾಗಿ ಕಾಯುವಾಗ. ಕವೆಂಟ್ರಿ ಬಳಿಯ ಹಾಕ್ಸ್‌ಬರಿ ಜಂಕ್ಷನ್ನಿನಲ್ಲಿ ಕಲ್ಲಿದ್ದಲಿನ ಆರ್ಡರಿಗೆ ಕಾಯುವ ದೋಣಿಗಳು ಸಾಲುಗಟ್ಟಿದಾಗ ದಂಡೆಯ ಕಾಲುದಾರಿಯೇ ಒಗೆಯುವ ಕಟ್ಟೆಯಾಗುತ್ತಿತ್ತು. ಕಾಲುವೆಯಿಂದಲೇ ನೀರು ಮೊಗೆದು, ಕಾಯಿಸಿ, ಡಾಲಿ ಟಬ್ ಎಂಬ ಸುಕ್ಕುಸುಕ್ಕು ತಗಡಿನ ಎತ್ತರದ ತೊಟ್ಟಿಗೆ ಸುರಿಯಬೇಕು. ಸೋಪು ಕದಡಿ ಬಟ್ಟೆ ಮುಳುಗಿಸಿ, ಡಾಲಿ ಎಂಬ ಉದ್ದನೆಯ ಕೋಲನ್ನು ಒಳಗಿಳಿಸಬೇಕು. ಕೋಲಿನ ತುದಿಗೆ ಪುಟ್ಟ ಮಣೆ, ಮಣೆಗೆ ಮೊಳೆಕಾಲುಗಳು, ಮೇಲೆ ಅಡ್ಡ ಹಿಡಿ. ಎರಡೂ ಕೈಯಿಂದ ಹಿಡಿದು ಕಡಗೋಲಿನ ಹಾಗೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದರೆ ಬಟ್ಟೆ ಕಾಲುಗಳಿಗೆ ಸಿಕ್ಕಿ, ಬಿಡಿಸಿಕೊಂಡು, ಮತ್ತೆ ಸಿಕ್ಕಿ ಕೊಳೆ ಬಿಡುತ್ತಿತ್ತು. ಆಮೇಲೆ ಜಾಲಾಡಿ, ಮ್ಯಾಂಗಲ್ ಎಂಬ ಜೋಡಿ ಉರುಳೆಗಳ ನಡುವೆ ತೂರಿಸಿ ಹಿಂಡುವುದು. ದೋಣಿಯಲ್ಲಿ ಸರಕಿಲ್ಲದಿದ್ದರೆ ಖಾಲಿ ಹೊಟ್ಟೆಯ ಮೇಲೆ ಉದ್ದಕ್ಕೂ ಹಗ್ಗ ಕಟ್ಟಿ ಒಣಹಾಕಬಹುದಿತ್ತು. ಆರ್ಡರು ನಡುವೆ ಬಂದುಬಿಟ್ಟರೆ ನೆನೆದ ಬಟ್ಟೆಯ ಜೊತೆಗೇ ಹೊರಡಬೇಕಾಗುತ್ತಿತ್ತು. ಹೊಟ್ಟೆಗೆ ಬೀಳುತ್ತಿದ್ದ ಸರಕೋ, ಹೆಚ್ಚಿನ ಸಲ ಕಲ್ಲಿದ್ದಲು.

ಇಂಥ ಬದುಕನ್ನು ನೋಡಿ ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬ ಸುಧಾರಕ 1875ರಲ್ಲಿ ಪುಸ್ತಕವನ್ನೇ ಬರೆದ. ದೋಣಿಯ ಜನ ಕೊಳಕರು, ಕುಡುಕರು, ಓದುಬರಹ ಇಲ್ಲದವರು ಎಂಬ ಚಿತ್ರ ಅವನ ಬರಹದಿಂದ ದೇಶದ ತುಂಬ ಹರಡಿತು. ಇಕ್ಕಟ್ಟಿನ ವಿಷಯದಲ್ಲಿ, ಮಕ್ಕಳ ಶಾಲೆಯ ವಿಷಯದಲ್ಲಿ ಅವನ ಕಳಕಳಿ ನಿಜವಾದದ್ದು. 1877 ಮತ್ತು 1884ರ ಕಾಯ್ದೆಗಳು ಬಂದು ದೋಣಿಗಳ ನೋಂದಣಿ, ಒಳಗೆ ಎಷ್ಟು ಜನ ಇರಬಹುದೆಂಬ ಮಿತಿ, ತಪಾಸಣೆ ಎಲ್ಲ ಶುರುವಾದದ್ದು ಅವನ ಹೋರಾಟದ ಫಲ. ಆದರೆ ಕೊಳಕರು ಎಂಬ ಮಾತು ಅನ್ಯಾಯದ್ದು. ಹಳೆಯ ಫೋಟೊಗಳಲ್ಲಿ ಆ ಪುಟ್ಟ ಕೋಣೆಯ ಕ್ರೋಶಾ ಲೇಸು, ಉಜ್ಜಿ ಹೊಳಪೇರಿಸಿದ ಹಿತ್ತಾಳೆ ಗುಬಟು, ಹೆಂಗಸರ ನೆರಿಗೆಗಟ್ಟಿದ ಟೊಪ್ಪಿಗೆ ಕಾಣುತ್ತವೆ. ಕಲ್ಲಿದ್ದಲಿನ ಪುಡಿಯ ನಡುವೆ ಲೇಸನ್ನು ಬೆಳ್ಳಗೆ ಇಟ್ಟುಕೊಳ್ಳಲು ಎಷ್ಟು ತೊಟ್ಟಿ ನೀರು ಕಾಯಿಸಬೇಕಾಯಿತೆಂದು ತಪಾಸಣೆಗೆ ಬಂದವರು ಬರೆದಿಟ್ಟಂತಿಲ್ಲ.

1948ರಲ್ಲಿ ಕಾಲುವೆಗಳು ಸರ್ಕಾರದ ಕೈಗೆ ಹೋದವು. 1962-63ರ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿ ದೋಣಿಗಳು ಇದ್ದಲ್ಲೇ ಸಿಕ್ಕಿಕೊಂಡವು. ಅಲ್ಲಿಗೆ ಸರಕು ಸಾಗಣೆಯ ಬೆನ್ನು ಮುರಿಯಿತು. ಬಹುಪಾಲು ಸಂಸಾರಗಳು ನೆಲದ ಮನೆ ಸೇರಿದವು. ದೋಣಿಗಳು ಉಳಿದವು: ಮೊದಲು ರಜೆಯ ವಿಹಾರಕ್ಕೆ, ಆಮೇಲೆ ಮನೆ ಬಾಡಿಗೆ ಏರಿದ ಹಾಗೆಲ್ಲ ಮತ್ತೆ ವಾಸಕ್ಕೆ.

ಹೊಸ ನಿವಾಸಿಗಳ ಜೊತೆ ಯಂತ್ರವೂ ಬಂತು. ನಮ್ಮಲ್ಲಿ ಸೆಮಿ ಆಟೊಮ್ಯಾಟಿಕ್ ಎನ್ನುವ ಎರಡು ತೊಟ್ಟಿಯ ಯಂತ್ರವನ್ನು ದೋಣಿಯವರು ಇಂದಿಗೂ ಮೆಚ್ಚುತ್ತಾರೆ. ಹಗುರ, ಬೇಡವಾದಾಗ ಮೂಲೆಗೆ ತಳ್ಳಬಹುದು, ಬಿಸಿನೀರನ್ನು ಕೈಯಾರೆ ಸುರಿಯಬಹುದು. ಫ್ರಂಟ್ ಲೋಡ್ ಯಂತ್ರದ ಕಷ್ಟ ಬೇರೆ. 1937ರಲ್ಲಿ ಅಮೆರಿಕದಲ್ಲಿ ಬಂದ ಬೆಂಡಿಕ್ಸ್ ಯಂತ್ರವನ್ನು ಅದುರದಂತೆ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಿತ್ತು. ಈಗಿನವು ಹೊಟ್ಟೆಯಲ್ಲಿ ಕಾಂಕ್ರೀಟ್ ತುಂಡು ಹೊತ್ತು ಅದುರಾಟವನ್ನು ತಡೆಯುತ್ತವೆ. 60-70 ಕಿಲೊ ಭಾರ ಒಂದೇ ಪಕ್ಕಕ್ಕೆ ಬಂದರೆ ದೋಣಿ ವಾಲುತ್ತದೆ, ತಳದಲ್ಲಿ ಜೋಡಿಸಿದ ತೂಕದ ಇಟ್ಟಿಗೆಗಳನ್ನು ಇನ್ನೊಂದು ಪಕ್ಕಕ್ಕೆ ಸರಿಸಬೇಕಾಗುತ್ತದೆ. ಹೀಗಾಗಿ ಮೂರೂವರೆ ಕಿಲೊ ಬಟ್ಟೆ ಹಿಡಿಯುವ ಚಿಕ್ಕ ಯಂತ್ರಕ್ಕೆ ಇಲ್ಲಿ ಬೇಡಿಕೆ.

ನಿಜವಾದ ಪ್ರಶ್ನೆ ವಿದ್ಯುತ್ತಿನದು. ನೀರು ಕಾಯಿಸುವ ಹೀಟರ್ 2,000 ವ್ಯಾಟ್ ಎಳೆದರೆ 12 ವೋಲ್ಟಿನ ಬ್ಯಾಟರಿಯಿಂದ 160 ಆಂಪಿಯರಿಗೂ ಹೆಚ್ಚು ಹರಿಯಬೇಕು. ಅಗ್ಗದ ಇನ್ವರ್ಟರಿನ ಒರಟು ಅಲೆಯ ವಿದ್ಯುತ್ತಿಗೆ ಎಷ್ಟೋ ಯಂತ್ರಗಳ ಮೋಟಾರು ನಿಯಂತ್ರಕ ಕೆಟ್ಟುಹೋಗುತ್ತದೆ, ಶುದ್ಧ ಸೈನ್ ಅಲೆಯ ಇನ್ವರ್ಟರೇ ಬೇಕು. ಅನುಭವಸ್ಥರು ಕಂಡುಕೊಂಡ ದಾರಿ ಜಾಣತನದ್ದು. ದೋಣಿಯ ಎಂಜಿನ್ ಓಡುವಾಗ ಅದರ ಬಿಸಿಯಿಂದ ಟ್ಯಾಂಕಿನ ನೀರು ತಾನಾಗಿ ಕಾಯುತ್ತದೆ. ಆ ನೀರನ್ನು ತಣ್ಣೀರಿನೊಡನೆ ಬೆರೆಸಿ ಯಂತ್ರಕ್ಕೆ ಬಿಟ್ಟರೆ ಹೀಟರಿಗೆ ಹೆಚ್ಚು ಕೆಲಸವಿಲ್ಲ. ಡ್ರಮ್ ತಿರುಗಿಸುವ ವಿದ್ಯುತ್ತನ್ನು ಎಂಜಿನ್ನಿನ ಆಲ್ಟರ್ನೇಟರೇ ತುಂಬಿಕೊಡುತ್ತದೆ. ದೋಣಿ ನಿಂತಾಗ ಒಗೆಯುತ್ತಿದ್ದ ಕಾಲ ಹೋಗಿ, ದೋಣಿ ಸಾಗುವಾಗಲೇ ಒಗೆಯುವ ಕಾಲ ಬಂತು. ಒಬ್ಬರು ಚುಕ್ಕಾಣಿ ಹಿಡಿದಿರುವಾಗ ಒಳಗೆ ಬಟ್ಟೆ ತಿರುಗುತ್ತಿರುತ್ತದೆ. ಒಂದು ಸಲಕ್ಕೆ 40-50 ಲೀಟರ್ ನೀರು ಬೇಕು. ಟ್ಯಾಂಕು ಹಿಡಿಯುವುದೇ ಕೆಲವು ನೂರು ಲೀಟರ್. ಆದ್ದರಿಂದ ನೀರಿನ ನಲ್ಲಿ ಇರುವ ದಂಡೆ ಹತ್ತಿರ ಬರುವ ದಿನವನ್ನೇ ಅನೇಕರು ಒಗೆಯಲು ಆರಿಸಿಕೊಳ್ಳುತ್ತಾರೆ.

ಒಗೆದ ಕೊಳೆ ನೀರು ಹೋಗುವ ಜಾಗ ಮಾತ್ರ ಬದಲಾಗಿಲ್ಲ. ಶೌಚದ ನೀರನ್ನು ಕಾಲುವೆಗೆ ಬಿಡುವಂತಿಲ್ಲ, ಟ್ಯಾಂಕಿನಲ್ಲೋ ಡಬ್ಬಿಯಲ್ಲೋ ಹಿಡಿದಿಟ್ಟು ದಂಡೆಯ ನಿಗದಿತ ಜಾಗದಲ್ಲಿ ಖಾಲಿ ಮಾಡಬೇಕು. ಸ್ನಾನ, ಪಾತ್ರೆ, ಬಟ್ಟೆಯ ನೀರಿಗೆ ಆ ಕಟ್ಟಳೆ ಇಲ್ಲ. ಅದು ದೋಣಿಯ ಪಕ್ಕದ ತೂತಿನಿಂದ ನೇರ ಕಾಲುವೆಗೆ ಇಳಿಯುತ್ತದೆ. ನೀರಿಗೆ ಕಡಿಮೆ ಹಾನಿ ಮಾಡುವ ಸೋಪಿನ ಪುಡಿಯನ್ನು ಕಾಳಜಿಯುಳ್ಳ ದೋಣಿಯವರು ಹುಡುಕಿ ತರುವುದು ಇದಕ್ಕಾಗಿ.