ಗಂಟೆ ಕಲಿಸಿದ ಪಾಠ

ಚರಿತ್ರೆಯಲ್ಲಿ ಅರಸರ ಸಿಂಹಾಸನಕ್ಕೆ ದೊರೆಯುವ ಸ್ಥಾನ ಮಗುವಿನ ಹಾಸಿಗೆಗೆ ದೊರೆಯುವುದಿಲ್ಲ. ಆದರೂ ಅದಕ್ಕೊಂದು ಚರಿತ್ರೆಯುಂಟು. ನಿದ್ದೆಯಲ್ಲಿ ಹಾಸಿಗೆ ಒದ್ದೆಮಾಡಿಕೊಳ್ಳುವುದನ್ನು ಆಯುರ್ವೇದ ಶಯ್ಯಾಮೂತ್ರವೆಂದು ಕರೆದಿದೆ. ಈ ಪುಟ್ಟ ತೊಂದರೆಯನ್ನು ಹಿರಿಯರು ಎದುರಿಸಿದ ಬಗೆಯಲ್ಲಿ ಆಯಾ ಕಾಲದ ವಿವೇಕವೂ ಅವಿವೇಕವೂ ಅಚ್ಚೊತ್ತಿವೆ.

ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಮಕ್ಕಳ ರೋಗಗಳ ಕುರಿತು ಪುಸ್ತಕ ಬರೆದ ಥಾಮಸ್ ಫೇಯರ್ ಎಂಬ ವೈದ್ಯ, ಇದಕ್ಕೆ ಹುಂಜದ ಶ್ವಾಸನಾಳದ ಪುಡಿಯನ್ನು ಸೂಚಿಸಿದ್ದ. ಇಂದು ಅದನ್ನೋದಿದರೆ ನಗು ಬರುತ್ತದೆ. ಆದರೆ ಫೇಯರ್ ಇದನ್ನು ರೋಗವೆಂದಾದರೂ ಭಾವಿಸಿದ್ದ. ಮುಂದೆ ಇದನ್ನು ದುರ್ನಡತೆಯೆಂದು ಬಗೆದವರ ಕೈಗೆ ಬೆತ್ತ ಬಂದಿತು.

ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಎರಿಕ್ ಬ್ಲೇರ್, ಎಂಟರ ವಯಸ್ಸಿನಲ್ಲಿ ಇಂಗ್ಲೆಂಡಿನ ವಸತಿಶಾಲೆಯೊಂದನ್ನು ಸೇರಿದ. ಮನೆಯಿಂದ ದೂರವಾದ ಹುಡುಗ ಹಾಸಿಗೆಯಲ್ಲಿ ಮೂತ್ರಮಾಡಿಕೊಳ್ಳತೊಡಗಿದ, ಏಟು ತಿಂದ. ಇವನೇ ಮುಂದೆ ಜಾರ್ಜ್ ಆರ್ವೆಲ್ ಎಂದು ಹೆಸರಾದವನು. ಆತ ಗತಿಸಿದ ಮೇಲೆ, 1952ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಈ ನೆನಪಿದೆ. ತಾನು ಬೇಕೆಂದು ಮಾಡದ, ತಡೆಯಲೂ ಆಗದ ಕಾರ್ಯವೂ ಪಾಪವಾಗಬಲ್ಲದೆಂದು ಆ ಎಳೆಯ ಮನಸ್ಸು ನಂಬಿತು. ಏಟಿನ ಬಳಿಕ ತೊಂದರೆ ನಿಂತಿತೆಂಬುದನ್ನೂ ಆರ್ವೆಲ್ ಮರೆಮಾಚುವುದಿಲ್ಲ; ಆದರೆ ಅದಕ್ಕೆ ತೆತ್ತ ಬೆಲೆ ಬಹಳ ದೊಡ್ಡದೆನ್ನುತ್ತಾನೆ.

ಈ ಹುಡುಗನಿಗೆ ಏಟು ಬೀಳುವ ಮೊದಲೇ ಬೇರೊಂದು ದಾರಿ ಕಂಡಿತ್ತು. 1904ರಲ್ಲಿ ಮಕ್ಕಳ ವೈದ್ಯ ಫೌಂಡ್ಲರ್ ತನ್ನ ಆಸ್ಪತ್ರೆಯ ದಾದಿಯರ ಅನುಕೂಲಕ್ಕಾಗಿ ಒಂದು ಸಾಧನವನ್ನು ರೂಪಿಸಿದ್ದ. ಹಾಸಿಗೆ ತೇವವಾದೊಡನೆ ವಿದ್ಯುತ್ತು ಹರಿದು ಗಂಟೆ ಬಾರಿಸುತ್ತಿತ್ತು. ದಾದಿ ಬಂದು ಬಟ್ಟೆ ಬದಲಿಸುತ್ತಿದ್ದಳು. ಅಷ್ಟೇ ಅದರ ಉದ್ದೇಶ. ಆದರೆ ಕೆಲಕಾಲದಲ್ಲಿ ಕೆಲವು ಮಕ್ಕಳು ಹಾಸಿಗೆ ಒದ್ದೆಮಾಡುವುದನ್ನೇ ಬಿಟ್ಟರು. ದಾದಿಗಾಗಿ ಕಟ್ಟಿದ ಗಂಟೆ ಮಗುವಿಗೆ ಪಾಠ ಹೇಳಿತ್ತು!

ಇದನ್ನು ಕ್ರಮಬದ್ಧವಾದ ಚಿಕಿತ್ಸೆಯಾಗಿಸಿದವರು ಅಮೆರಿಕದ ಮೌರರ್ ದಂಪತಿಗಳು. ಮೂವತ್ತು ಮಕ್ಕಳ ಮೇಲೆ ನಡೆಸಿದ ತಮ್ಮ ಪ್ರಯೋಗವನ್ನು ಅವರು 1938ರಲ್ಲಿ ಪ್ರಕಟಿಸಿದರು. ರಷ್ಯದ ಪಾವ್ಲೊವ್ ನಾಯಿಗಳಲ್ಲಿ ತೋರಿಸಿದ ಕಲಿಕೆಯ ತತ್ತ್ವವೇ ಇದಕ್ಕೆ ಆಧಾರ: ತುಂಬಿದ ಮೂತ್ರಕೋಶದ ಸಂವೇದನೆಯೊಡನೆ ಗಂಟೆಯ ಎಚ್ಚರ ಮತ್ತೆಮತ್ತೆ ಕೂಡಿಬಂದರೆ, ಕೊನೆಗೆ ಗಂಟೆಯಿಲ್ಲದೆಯೇ ದೇಹ ಎಚ್ಚರಗೊಳ್ಳುತ್ತದೆ. ವಿಚಿತ್ರವೆಂದರೆ, ಹೀಗೆ ಗುಣವಾದ ಅನೇಕ ಮಕ್ಕಳು ಏಳುವುದೇ ಇಲ್ಲ. ಬೆಳಗಿನವರೆಗೆ ಮೂತ್ರವನ್ನು ಹಿಡಿದಿಟ್ಟು ಸುಖವಾಗಿ ನಿದ್ರಿಸುತ್ತಾರೆ.

ಈ ಗಂಟೆ ಮಾಯಾದಂಡವಲ್ಲ. ಹಲವು ವಾರಗಳ ತಾಳ್ಮೆ ಬೇಕು. ಗಂಟೆ ಬಾರಿಸಿದರೂ ಏಳದ ಮಗುವನ್ನು ತಾಯಿತಂದೆಯರೇ ಎಬ್ಬಿಸಬೇಕು. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಇದರಿಂದ ಗುಣ ಕಾಣುತ್ತದೆ. ಅವರಲ್ಲಿ ಕೆಲವರಿಗೆ ತೊಂದರೆ ಮರುಕಳಿಸುವುದೂ ಉಂಟು. ಐದು ವರ್ಷ ತುಂಬುವ ಮುನ್ನ ವೈದ್ಯರು ಇದನ್ನು ರೋಗವೆಂದೇ ಎಣಿಸುವುದಿಲ್ಲ. ಇದು ವಂಶಪಾರಂಪರ್ಯವಾಗಿ ಬರುವುದೂ ಸಾಮಾನ್ಯ. ಗದರುವ ತಂದೆ ತನ್ನ ಬಾಲ್ಯವನ್ನು ತಾಯಿಯಲ್ಲಿ ವಿಚಾರಿಸಿ ನೋಡುವುದು ಒಳಿತು!

ಬೆತ್ತವೂ ಗಂಟೆಯೂ ಮಗುವನ್ನು ಎಚ್ಚರಿಸಬಲ್ಲವು. ಆದರೆ ಬೆತ್ತ ಅಪರಾಧಿಯನ್ನು ಹುಡುಕುತ್ತದೆ. ಗಂಟೆ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಗಂಟೆಯಿಲ್ಲದ ಮನೆಯಲ್ಲಿಯೂ ಈ ಪಾಠವನ್ನು ಪಾಲಿಸಬಹುದು.