ಮಣ್ಣಿನಲ್ಲಿ ನಿಂತ ಗಡಿಯಾರ

1912ರ ಜೂನ್ ತಿಂಗಳು. ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ಹಳೆಯ ಕಟ್ಟಡಗಳನ್ನು ಕೆಡವುತ್ತಿದ್ದ ಕೂಲಿಕಾರರು ನೆಲಮಾಳಿಗೆಯ ನೆಲ ಒಡೆದಾಗ, ಮಣ್ಣಿನೊಳಗೆ ಏನೋ ಮಿನುಗಿತು. ಅಗೆದಂತೆಲ್ಲ ಸರ, ಉಂಗುರ, ಪದಕಗಳು ಮಣ್ಣು ಮೆತ್ತಿದ ಮುದ್ದೆಗಳಾಗಿ ಮೇಲೆ ಬಂದವು. ಅವರು ಅವನ್ನು ಒಯ್ದು ಕೊಟ್ಟದ್ದು ಹಳೆಯ ವಸ್ತುಗಳ ವ್ಯಾಪಾರಿ ಜಾರ್ಜ್ ಫೇಬಿಯನ್ ಲಾರೆನ್ಸ್ ಅವರಿಗೆ. ಕೂಲಿಕಾರರ ಬಾಯಲ್ಲಿ ಈತ 'ಸ್ಟೋನಿ ಜ್ಯಾಕ್'. ಅವರ ಮೂಲಕ ನಿಧಿಯ ಬಹುಭಾಗ ಹೊಸದಾಗಿ ಹುಟ್ಟಿದ್ದ ಲಂಡನ್ ಮ್ಯೂಸಿಯಂ ಸೇರಿತು.

ಸುಮಾರು ಐನೂರು ಒಡವೆಗಳ ನಡುವೆ ಇದ್ದ ಒಂದು ಜೇಬುಗಡಿಯಾರ ಇಂದಿಗೂ ನೋಡಿದವರನ್ನು ಬೆರಗುಗೊಳಿಸುತ್ತದೆ. ಕೊಲಂಬಿಯ ದೇಶದ ದೊಡ್ಡ ಪಚ್ಚೆಯೊಂದನ್ನು ಆರು ಮೂಲೆಯಾಗಿ ಕಡೆದು, ಒಳಗೆ ಟೊಳ್ಳು ಮಾಡಿ, ಅದರಲ್ಲಿ ಯಂತ್ರವನ್ನು ಕೂಡಿಸಿದ್ದಾರೆ. ಮುಚ್ಚಳವೂ ಪಚ್ಚೆಯದೇ, ಅದನ್ನು ತೆರೆಯದೆಯೇ ಗಂಟೆ ನೋಡಬಹುದು. ಇಷ್ಟೆಲ್ಲ ವೈಭವವಿದ್ದರೂ, ಆ ಕಾಲದ ಗಡಿಯಾರಗಳು ದಿನಕ್ಕೆ ಕಾಲು ಗಂಟೆ ಹಿಂದೆಮುಂದೆ ಆಗುವುದು ಸಾಮಾನ್ಯವಾಗಿತ್ತು. ಅದು ಸಮಯಕ್ಕಿಂತ ಅಂತಸ್ತನ್ನು ತೋರಿಸುವ ವಸ್ತು ಎನ್ನಬೇಕು!

ಮಣ್ಣಿನಿಂದ ಬಂದ ಇಂಥ ಗಡಿಯಾರದ ವಯಸ್ಸನ್ನು ಹೇಗೆ ಹೇಳುತ್ತಾರೆ? ಮುಖದ ಮೇಲೆ ಗಂಟೆಯ ಮುಳ್ಳೊಂದೇ ಇದ್ದರೆ ಅದೊಂದು ಸುಳಿವು. ಒಳಗಿನ ತೂಗುಚಕ್ರಕ್ಕೆ ಕೂದಲೆಳೆಯಂಥ ಸ್ಪ್ರಿಂಗ್ ಇಲ್ಲದಿದ್ದರೆ ಇನ್ನೂ ಬಲವಾದ ಸುಳಿವು. ಹಾಲೆಂಡಿನ ಹ್ಯೂಜೆನ್ಸ್ ಆ ಸ್ಪ್ರಿಂಗನ್ನು ಲೋಕಕ್ಕೆ ತಿಳಿಸಿದ್ದು 1675ರಲ್ಲಿ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಕುಶಲಕರ್ಮಿಯ ಹೆಸರು. ಚೀಪ್‌ಸೈಡ್ ನಿಧಿಯ ಇನ್ನೊಂದು ಗಡಿಯಾರದ ಮೇಲೆ ಜಿನೀವಾದ ಜಿ. ಫೆರ್ಲಿಟ್ ಎಂಬಾತನ ಹೆಸರಿದೆ. ಅದೇ ನಿಧಿಯಲ್ಲಿ 1640ರಲ್ಲಿ ಪದವಿ ಪಡೆದ ವೈಕೌಂಟ್ ಸ್ಟಾಫರ್ಡ್‌ನ ಲಾಂಛನ ಕೆತ್ತಿದ ಕಲ್ಲೂ ಸಿಕ್ಕಿತು. ಹೀಗಾಗಿ ನಿಧಿಯನ್ನು ಹೂತದ್ದು 1640ಕ್ಕೂ 1666ರ ಲಂಡನ್ ಮಹಾ ಅಗ್ನಿದುರಂತಕ್ಕೂ ನಡುವೆ ಎಂದು ವಿದ್ವಾಂಸರು ತರ್ಕಿಸುತ್ತಾರೆ.

ತೊಡಕು ಇರುವುದೇ ಇಲ್ಲಿ. ಹೆಸರು ಸಾಮಾನ್ಯವಾಗಿ ಇರುವುದು ಕವಚದ ಒಳಗೆ, ಯಂತ್ರದ ಹಿಂಬದಿಯ ತಗಡಿನ ಮೇಲೆ. ತೆರೆಯದೆ ಓದುವಂತಿಲ್ಲ. ಆದರೆ ಉಕ್ಕಿನ ಅಕ್ಷ, ತಿರುಪು, ಸ್ಪ್ರಿಂಗುಗಳು ತುಕ್ಕು ಹಿಡಿದು ಉಬ್ಬಿ, ಹಿತ್ತಾಳೆಯ ಚಕ್ರಗಳನ್ನೆಲ್ಲ ಒಂದೇ ಗಂಟಾಗಿ ಬೆಸೆದಿರುತ್ತವೆ. ತಿರುಪುಳಿ ಹಾಕಿ ಮೀಟಿದರೆ ತುಕ್ಕಿನ ಜೊತೆ ಇತಿಹಾಸವೂ ಉದುರಿಹೋಗುತ್ತದೆ. ಪಚ್ಚೆಯ ಗಡಿಯಾರದ ಯಂತ್ರವೂ ಹೀಗೆಯೇ ತುಕ್ಕಿಗೆ ಕಚ್ಚಿಕೊಂಡು ಕಲ್ಲಿನ ಗೂಡಿನಲ್ಲೇ ಉಳಿದಿದೆ. ಬಲವಂತ ಮಾಡಿದರೆ ಸೀಳುವುದು ಪಚ್ಚೆ.

ಹಾಗಾದರೆ ದಾರಿಯೇನು? ಸ್ಕಾಟ್ಲೆಂಡಿನ ಮಲ್ ದ್ವೀಪದ ಡುವರ್ಟ್ ಕೋಟೆಯ ಬಳಿಯ ಸಮುದ್ರತಳ ಇದಕ್ಕೆ ಉತ್ತರ ಕೊಟ್ಟಿತು. 1653ರ ಸೆಪ್ಟೆಂಬರಿನಲ್ಲಿ ಕ್ರಾಮ್‌ವೆಲ್ಲನ ಪಡೆಯ 'ಸ್ವಾನ್' ಎಂಬ ಚಿಕ್ಕ ಯುದ್ಧನೌಕೆ ಬಿರುಗಾಳಿಗೆ ಸಿಕ್ಕಿ ಅಲ್ಲಿ ಮುಳುಗಿತ್ತು. ಅದರ ಅವಶೇಷ 1979ರಲ್ಲಿ ಪತ್ತೆಯಾಯಿತು. ಮುಂದಿನ ಉತ್ಖನನದಲ್ಲಿ ದೊರೆತ ಜೇಬುಗಡಿಯಾರ ಗಡಿಯಾರದಂತೆ ಕಾಣುತ್ತಲೇ ಇರಲಿಲ್ಲ. ಗಟ್ಟಿಯಾದ ಒಂದು ಉಂಡೆ, ಅಷ್ಟೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದವರು ಅದಕ್ಕೆ ಉಳಿ ಹಚ್ಚಲಿಲ್ಲ. ಆಸ್ಪತ್ರೆಗಳಲ್ಲಿ ತಲೆಯ ಒಳಭಾಗ ನೋಡಲು ಮಾಡುವ ಸಿ.ಟಿ. ಸ್ಕ್ಯಾನಿನ ತತ್ತ್ವವನ್ನೇ ಬಳಸಿ, ಉಂಡೆಯನ್ನು ಎಲ್ಲ ಕೋನಗಳಿಂದ ಎಕ್ಸ್-ರೇ ತೆಗೆಸಿ, ಕಂಪ್ಯೂಟರಿನಲ್ಲಿ ಪದರ ಪದರವಾಗಿ ಬಿಡಿಸಿದರು.

ಉಕ್ಕಿನ ಭಾಗಗಳು ಬಹುಪಾಲು ಕರಗಿಹೋಗಿದ್ದವು. ಹಿತ್ತಾಳೆಯ ಚಕ್ರಗಳು ಮಾತ್ರ ಹಲ್ಲು ಮುಕ್ಕಾಗದೆ ನಿಂತಿದ್ದವು. ತಗಡಿನ ಮೇಲಿನ ಹೂಬಳ್ಳಿಯ ಕೆತ್ತನೆಯ ಪಕ್ಕದಲ್ಲಿ ಅಕ್ಷರಗಳು ಮೂಡಿದವು: ನಿಕೊಲಾಸ್ ಹಿಗಿನ್ಸನ್, ವೆಸ್ಟ್‌ಮಿನ್‌ಸ್ಟರ್. ಮೂರೂವರೆ ಶತಮಾನ ಯಾರೂ ಓದದಿದ್ದ ಆ ಹೆಸರನ್ನು ಓದಿಯಾದ ಮೇಲೂ ಉಂಡೆ ಹಾಗೆಯೇ ಮುಚ್ಚಿತ್ತು.